ಯಾರು ಹೇಳಿದ್ದು? ವಿಕಿಪೀಡಿಯದ ಧರ್ಮ ಲೇಖನಗಳಲ್ಲಿ ಆಧಾರದ ಜಗಳ

ವಿಕಿಪೀಡಿಯದಲ್ಲಿ ನಿಮ್ಮ ಧರ್ಮದ ಒಬ್ಬ ಗುರುವಿನ ಬಗ್ಗೆ ಓದುತ್ತಿದ್ದೀರಿ ಅಂದುಕೊಳ್ಳಿ. ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ ಅನಿಸುತ್ತದೆ. ಮೇಲೆ ‘ಸಂಪಾದಿಸಿ’ ಅಂತ ಇದೆ. ಒತ್ತುತ್ತೀರಿ. ಚಿಕ್ಕಂದಿನಿಂದ ಕೇಳಿ ಗೊತ್ತಿರುವ ಒಂದು ಸಾಲು ಸೇರಿಸುತ್ತೀರಿ. ಹತ್ತು ನಿಮಿಷ ಬಿಟ್ಟು ನೋಡಿದರೆ ಆ ಸಾಲು ಮಾಯ. ಪುಟದ ಇತಿಹಾಸದಲ್ಲಿ ಯಾರೋ ಎರಡೇ ಪದ ಬರೆದಿದ್ದಾರೆ: ‘ಆಧಾರ ಇಲ್ಲ’.

ಸರಿ, ಆಧಾರ ತಾನೇ ಬೇಕು? ಈ ಸಲ ಧರ್ಮಗ್ರಂಥದ ಅಧ್ಯಾಯ, ಶ್ಲೋಕದ ಸಂಖ್ಯೆ ಎಲ್ಲ ಕೊಟ್ಟು ಮತ್ತೆ ಸೇರಿಸುತ್ತೀರಿ. ಅದೂ ಹೋಗುತ್ತದೆ. ಈಗ ಕಾರಣ ಬೇರೆ: ‘ಪ್ರಾಥಮಿಕ ಆಕರ’.

ಸಿಟ್ಟು ಬರುತ್ತದೆ, ಅಲ್ವಾ? ಒಂದು ಧರ್ಮದ ಬಗ್ಗೆ ಆ ಧರ್ಮದ ಗ್ರಂಥಕ್ಕಿಂತ ದೊಡ್ಡ ಆಧಾರ ಇನ್ನೇನಿದೆ ಅನಿಸುತ್ತದೆ. ನಮ್ಮನ್ನು ಕಂಡರೆ ಆಗದವರು ಯಾರೋ ಅಲ್ಲಿ ಕೂತಿದ್ದಾರೆ ಅಂತಲೂ ಅನುಮಾನ ಬರುತ್ತದೆ. ಕೆಲವೊಮ್ಮೆ ಆ ಅನುಮಾನ ನಿಜವೂ ಇರಬಹುದು. ಆದರೆ ಹೆಚ್ಚಿನ ಸಲ ನಡೆದಿರುವುದು ಬೇರೆಯೇ. ಗ್ರಂಥ ಒಂದು ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತದೆ, ನಿಮ್ಮ ಸಾಲು ಇನ್ನೊಂದು ಪ್ರಶ್ನೆಗೆ ಉತ್ತರ ಹೇಳುತ್ತಿರುತ್ತದೆ.

ಇದು ಈಗ ಬರೀ ವಿಕಿಪೀಡಿಯದಲ್ಲಿ ಬರೆಯುವವರ ತಲೆನೋವಾಗಿ ಉಳಿದಿಲ್ಲ. ಗೂಗಲ್‌ನಲ್ಲಿ ಒಬ್ಬ ಸಂತರ ಹೆಸರು ಹುಡುಕಿದರೆ ಪಕ್ಕದಲ್ಲಿ ಬರುವ ಚಿಕ್ಕ ಪರಿಚಯ ಬಹಳ ಸಲ ವಿಕಿಪೀಡಿಯದ್ದು. ಪ್ರಶ್ನೆ ಕೇಳಿದರೆ ಉತ್ತರ ಹೇಳುವ ಎಐ ಕೂಡ ಸಾಮಾನ್ಯವಾಗಿ ಅದನ್ನೂ ಓದಿ ಕಲಿತಿರುತ್ತದೆ. ಅಲ್ಲಿ ಒಂದು ಸಾಲು ಉಳಿದರೆ ಅದು ಎಲ್ಲೆಲ್ಲಿಗೋ ಹೋಗಿ ತಲುಪುತ್ತದೆ. ಹಾಗಾಗಿ ಆ ಸಾಲು ಉಳಿಯುವುದು ಅಥವಾ ಅಳಿಯುವುದು ಹೇಗೆ ಅಂತ ಓದುಗರಿಗೂ ಗೊತ್ತಿರುವುದು ಒಳ್ಳೆಯದು.

## ಮೊದಲು ಮೂರು ನಿಯಮ

ವಿಕಿಪೀಡಿಯ ಶುರುವಾಗಿದ್ದು 2001ರ ಜನವರಿ 15ರಂದು. ಶುರು ಮಾಡಿದವರು ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್. ಈಗ ಅದು 300ಕ್ಕೂ ಹೆಚ್ಚು ಭಾಷೆಗಳಲ್ಲಿದೆ. ಬರೆಯುವವರು ಸ್ವಯಂಸೇವಕರು. ಒಂದು ಸಾಲು ಬರೆದವರು ಪ್ರೊಫೆಸರೋ, ಪಾದ್ರಿಯೋ, ಮೌಲ್ವಿಯೋ, ಹೈಸ್ಕೂಲಿನ ಹುಡುಗನೋ ಹೇಳಲು ಬರುವುದಿಲ್ಲ.

ಎಲ್ಲ ನಿಯಮಗಳೂ ಹುಟ್ಟಿದ್ದು ಇಲ್ಲಿಂದಲೇ. ಬರೆದವರು ಯಾರು ಅಂತ ಗೊತ್ತಿಲ್ಲದಿದ್ದಾಗ ‘ನನಗೆ ಗೊತ್ತು, ನಂಬಿ’ ಅನ್ನುವ ಮಾತಿಗೆ ಬೆಲೆ ಕೊಡಲು ಆಗುವುದಿಲ್ಲ. ಓದುಗರು ನಂಬಬೇಕಾದದ್ದು ಸಾಲಿನ ಕೊನೆಯಲ್ಲಿರುವ ಆ ಚಿಕ್ಕ ಸಂಖ್ಯೆಯನ್ನು. ಅದನ್ನು ಒತ್ತಿದರೆ ಒಂದು ಪುಸ್ತಕದ ಹೆಸರು, ಪುಟದ ಸಂಖ್ಯೆ ಸಿಗಬೇಕು.

ಮೊದಲ ನಿಯಮ ಪರಿಶೀಲನೆಯದು. ಬರೆದ ಮಾತನ್ನು ಯಾರು ಬೇಕಾದರೂ ಹೋಗಿ ನೋಡಿಕೊಳ್ಳುವಂತೆ ಇರಬೇಕು. ಆಧಾರ ಕೊಡುವ ಹೊಣೆ ಸಾಲು ಸೇರಿಸಿದವರದ್ದು, ಅಳಿಸಿದವರದ್ದಲ್ಲ. ‘ಸುಳ್ಳು ಅಂತ ನೀನು ಸಾಬೀತು ಮಾಡು’ ಅನ್ನುವ ವಾದ ಅಲ್ಲಿ ನಡೆಯುವುದಿಲ್ಲ.

ಎರಡನೆಯದು, ಸ್ವಂತ ಸಂಶೋಧನೆ ಬೇಡ. ನೀವೇ ಕಂಡುಕೊಂಡದ್ದು ಎಷ್ಟೇ ಸರಿಯಿರಲಿ, ಅದು ಮೊದಲು ಬೇರೆಲ್ಲಾದರೂ ಪ್ರಕಟವಾಗಿರಬೇಕು.

ಮೂರನೆಯದು ತಟಸ್ಥ ದೃಷ್ಟಿ. ಇದನ್ನು ಎಲ್ಲರೂ ತಪ್ಪಾಗಿ ತಿಳಿಯುತ್ತಾರೆ. ಎಲ್ಲ ಅಭಿಪ್ರಾಯಕ್ಕೂ ಸಮಪಾಲು ಅಂತ ಇದರ ಅರ್ಥ ಅಲ್ಲ. ಒಳ್ಳೆಯ ಆಧಾರಗಳಲ್ಲಿ ಯಾವ ಅಭಿಪ್ರಾಯಕ್ಕೆ ಎಷ್ಟು ತೂಕ ಇದೆಯೋ ಲೇಖನದಲ್ಲೂ ಅಷ್ಟೇ ತೂಕ. ನೂರು ವಿದ್ವಾಂಸರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ ಇದ್ದರೆ ಲೇಖನವನ್ನು ಅರ್ಧರ್ಧ ಹಂಚುವುದಿಲ್ಲ.

ಒಂದೊಂದು ಭಾಷೆಯ ವಿಕಿಪೀಡಿಯಕ್ಕೂ ಅದರದೇ ಸಮುದಾಯ ಇದೆ, ಸಣ್ಣಪುಟ್ಟ ನಿಯಮಗಳು ಬೇರೆ ಬೇರೆ. ಆದರೆ ಈ ಮೂರರ ತಿರುಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಇಲ್ಲಿ ಮುಂದೆ ಹೇಳುವ ವಿವರಗಳು ಹೆಚ್ಚಾಗಿ ಇಂಗ್ಲಿಷ್ ವಿಕಿಪೀಡಿಯದವು. ನಿಯಮಗಳು ಜಾಸ್ತಿ ಬೆಳೆದಿರುವುದೂ ಜಗಳಗಳು ಜಾಸ್ತಿ ನಡೆದಿರುವುದೂ ಅಲ್ಲೇ.

## ಗ್ರಂಥ ಯಾವುದಕ್ಕೆ ಸಾಕ್ಷಿ?

ಇದನ್ನು ಅರ್ಥ ಮಾಡಿಕೊಳ್ಳಲು ಕನ್ನಡದವರಿಗೆ ಒಂದು ಅನುಕೂಲ ಇದೆ. ‘ಮಳೆ ಬಂತು’ ಅಂದರೆ ಅದು ನನ್ನ ಮಾತು, ನನ್ನ ಹೊಣೆ. ‘ಮಳೆ ಬಂತಂತೆ’ ಅಂದರೆ ಯಾರೋ ಹೇಳಿದ್ದು, ನಾನು ಕೇಳಿದ್ದು. ಒಂದು ‘ಅಂತೆ’ ಸೇರಿಸಿದ ಕೂಡಲೇ ಹೊಣೆ ಬೇರೆಯವರ ಹೆಗಲಿಗೆ ಹೋಗುತ್ತದೆ. ಮಳೆ ಬಂದಿಲ್ಲ ಅಂತ ನಾನು ಹೇಳಿದ ಹಾಗೂ ಆಗಲಿಲ್ಲ, ಬಂದಿದ್ದನ್ನು ನಾನು ಕಂಡ ಹಾಗೂ ಆಗಲಿಲ್ಲ.

ವಿಶ್ವಕೋಶ ಕೇಳುವುದು ಇದನ್ನೇ, ಜೊತೆಗೆ ಇನ್ನೊಂದು ಮಾತು: ಬರೀ ‘ಅಂತೆ’ ಸಾಲದು, ಯಾರು ಹೇಳಿದ್ದು ಅಂತಲೂ ಹೇಳಿ.

ಬೈಬಲ್‌ನಲ್ಲಿ ಮೋಶೆಯ ಕಥೆ ನೋಡಿ. ‘ಮೋಶೆ ಕೈ ಚಾಚಿದಾಗ ಸಮುದ್ರ ಎರಡು ಭಾಗವಾಯಿತು’ ಅಂತ ಬರೆದರೆ ಅದು ವಿಶ್ವಕೋಶದ ಸ್ವಂತ ಮಾತಾಗುತ್ತದೆ. ‘ವಿಮೋಚನಕಾಂಡದ 14ನೇ ಅಧ್ಯಾಯದ ಪ್ರಕಾರ ಮೋಶೆ ಕೈ ಚಾಚಿದಾಗ ಸಮುದ್ರ ಎರಡು ಭಾಗವಾಯಿತು’ ಅಂತ ಬರೆದರೆ ಅದು ಆ ಅಧ್ಯಾಯದಲ್ಲಿ ಏನಿದೆ ಅನ್ನುವ ವರದಿ. ಈ ಎರಡನೇ ಸಾಲಿಗೆ ಬೈಬಲ್‌ಗಿಂತ ಒಳ್ಳೆಯ ಆಧಾರ ಇಲ್ಲ. ಮೊದಲ ಸಾಲಿಗೆ ಬೈಬಲ್ ಒಂದೇ ಆಧಾರವಾಗಿ ಸಾಲುವುದಿಲ್ಲ.

ಪ್ರಾಥಮಿಕ ಆಕರ ಅಂದರೆ ಇಂಥದ್ದು. ಒಂದು ವಿಷಯಕ್ಕೆ ತೀರಾ ಹತ್ತಿರದ ದಾಖಲೆ, ಆ ವಿಷಯದ ಒಳಗಿನಿಂದಲೇ ಬಂದದ್ದು. ಒಬ್ಬರ ಡೈರಿ ಇದ್ದ ಹಾಗೆ. ಅವರು ಹಾಗೆ ಬರೆದಿದ್ದಾರೆ ಅನ್ನುವುದಕ್ಕೆ ಡೈರಿಯಷ್ಟು ಗಟ್ಟಿ ಸಾಕ್ಷಿ ಇನ್ನೊಂದಿಲ್ಲ. ಬರೆದದ್ದೆಲ್ಲ ಹಾಗೆಯೇ ನಡೆಯಿತೇ ಅನ್ನುವುದು ಬೇರೆ ಪ್ರಶ್ನೆ. ದ್ವಿತೀಯ ಆಕರ ಅಂದರೆ ಆ ಡೈರಿಯನ್ನು, ಅದೇ ಕಾಲದ ಬೇರೆ ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ಓದಿ ಇನ್ನೊಬ್ಬರು ಬರೆದದ್ದು. ವಿಕಿಪೀಡಿಯ ಹೆಚ್ಚಾಗಿ ಒರಗುವುದು ಈ ಎರಡನೆಯದಕ್ಕೆ.

ಇದರಲ್ಲಿ ಗ್ರಂಥಕ್ಕೆ ಅವಮಾನ ಏನೂ ಇಲ್ಲ ಅಂತ ಒತ್ತಿ ಹೇಳಬೇಕು, ಯಾಕೆಂದರೆ ಜಗಳ ಬಿಸಿಯಾಗುವುದು ಇಲ್ಲೇ. ರಾಜನ ಶಾಸನಕ್ಕೂ ಇದೇ ನಿಯಮ. ಮಂತ್ರಿಯ ಭಾಷಣಕ್ಕೂ ಇದೇ. ವಿಜ್ಞಾನಿಯ ಒಂದೇ ಒಂದು ಹೊಸ ಪ್ರಯೋಗದ ವರದಿಗೂ ಇದೇ.

ಇನ್ನೊಂದು ತೊಡಕು ಅರ್ಥದ್ದು. ಗ್ರಂಥದ ಸಾಲು ಒಂದೇ ಇರಬಹುದು, ಅರ್ಥ ಹೇಳುವವರು ನೂರು ಜನ. ಬೈಬಲ್‌ನಲ್ಲಿರುವ ಯೆಶಾಯನ ಗ್ರಂಥದ 7ನೇ ಅಧ್ಯಾಯದ 14ನೇ ವಚನದಲ್ಲಿ ‘ಅಲ್ಮಾ’ ಅನ್ನುವ ಹೀಬ್ರೂ ಪದ ಇದೆ. ಸಾಮಾನ್ಯವಾಗಿ ಅದರ ಅರ್ಥ ಯುವತಿ. ಹಳೆಯ ಗ್ರೀಕ್ ಅನುವಾದದಲ್ಲಿ ಆ ಜಾಗದಲ್ಲಿ ‘ಪಾರ್ಥೆನೋಸ್’ ಬಂತು, ಅಂದರೆ ಕನ್ಯೆ. ಮತ್ತಾಯನ ಸುವಾರ್ತೆ ಯೇಸುವಿನ ಜನನದ ಸಂದರ್ಭದಲ್ಲಿ ಈ ಗ್ರೀಕ್ ರೂಪವನ್ನೇ ಎತ್ತಿಕೊಳ್ಳುತ್ತದೆ. 1952ರಲ್ಲಿ ಇಂಗ್ಲಿಷಿನ ಒಂದು ಪರಿಷ್ಕೃತ ಬೈಬಲ್ ಈ ವಚನದಲ್ಲಿ ‘ಯುವತಿ’ ಅಂತ ಅಚ್ಚು ಹಾಕಿದಾಗ ಅಮೆರಿಕದಲ್ಲಿ ದೊಡ್ಡ ಗಲಾಟೆಯಾಯಿತು. ಈಗ ಯಾರಾದರೂ ‘ಗ್ರಂಥದಲ್ಲೇ ಇದೆ ನೋಡಿ’ ಅಂತ ವಚನದ ಸಂಖ್ಯೆ ಕೊಟ್ಟರೆ ಯಾವ ಭಾಷೆಯ, ಯಾವ ಅನುವಾದದ ಗ್ರಂಥ ಅನ್ನುವ ಪ್ರಶ್ನೆ ತಕ್ಷಣ ಏಳುತ್ತದೆ. ಅದಕ್ಕೆ ಉತ್ತರ ಆರಿಸುವ ಕೆಲಸ ಹೆಸರಿಲ್ಲದ ಸಂಪಾದಕರದ್ದಲ್ಲ. ಆ ಭಾಷೆಗಳನ್ನು ಕಲಿತು, ಹೆಸರು ಹಾಕಿ ಬರೆದವರದ್ದು.

## ಬುದ್ಧನ ಒಂದು ತಾರೀಖು

ಈಗ ಒಂದು ಸಣ್ಣ ಮಾತನ್ನು ಹತ್ತಿರದಿಂದ ನೋಡೋಣ. ಬುದ್ಧ ತೀರಿಕೊಂಡದ್ದು ಯಾವಾಗ?

ಶ್ರೀಲಂಕಾ, ಥಾಯ್ಲೆಂಡ್, ಮ್ಯಾನ್ಮಾರ್‌ಗಳ ಥೇರವಾದ ಅನ್ನುವ ಬೌದ್ಧ ಪರಂಪರೆಯ ಲೆಕ್ಕದಲ್ಲಿ ಅದು ಕ್ರಿ.ಪೂ. 544ರ ಸುಮಾರು. ಬೌದ್ಧ ಶಕ ಎಣಿಸುವುದೇ ಅಲ್ಲಿಂದ. 1956ರ ಹೊತ್ತಿಗೆ 2500 ವರ್ಷ ತುಂಬಿತು ಅಂತ ಭಾರತವೂ ಸೇರಿ ಹಲವು ದೇಶಗಳು ಉತ್ಸವ ಮಾಡಿದ್ದವು.

ಇತಿಹಾಸಕಾರರು ಬೇರೆ ದಾರಿ ಹಿಡಿದರು. ಅಶೋಕನ ಪಟ್ಟಾಭಿಷೇಕ ಸುಮಾರು ಕ್ರಿ.ಪೂ. 268 ಅಂತ ಬೇರೆ ದಾಖಲೆಗಳಿಂದ ಲೆಕ್ಕ ಹಾಕಬಹುದು. ಶ್ರೀಲಂಕಾದ ಹಳೆಯ ಚರಿತ್ರೆಗಳು ಬುದ್ಧ ತೀರಿಕೊಂಡ 218 ವರ್ಷಕ್ಕೆ ಆ ಪಟ್ಟಾಭಿಷೇಕ ಆಯಿತು ಅನ್ನುತ್ತವೆ. ಕೂಡಿದರೆ 486. ಉತ್ತರದ ಬೌದ್ಧ ಪರಂಪರೆಯ ಕೆಲವು ಗ್ರಂಥಗಳು 218 ಅಲ್ಲ, 100 ವರ್ಷ ಅನ್ನುತ್ತವೆ. ಕೂಡಿದರೆ 368. ಎರಡೂ ಬೌದ್ಧರದ್ದೇ ಗ್ರಂಥಗಳು, ಎರಡರ ನಡುವೆ 118 ವರ್ಷದ ಅಂತರ.

1988ರಲ್ಲಿ ಜರ್ಮನಿಯ ಗೋಟಿಂಗನ್ ಬಳಿ ಹೈಂಜ್ ಬೆಖರ್ಟ್ ಅನ್ನುವ ವಿದ್ವಾಂಸರು ಈ ಒಂದು ಪ್ರಶ್ನೆಗೆಂದೇ ವಿಚಾರ ಸಂಕಿರಣ ನಡೆಸಿದರು. ಅಲ್ಲಿ ಪ್ರಬಂಧ ಓದಿದವರಲ್ಲಿ ಹೆಚ್ಚಿನವರು ಕ್ರಿ.ಪೂ. 400ರ ಆಚೀಚೆಗೆ ವಾಲಿದರು. ಎಲ್ಲರೂ ಒಪ್ಪಿದರು ಅಂತ ಅಲ್ಲ.

2013ರಲ್ಲಿ ಇನ್ನೊಂದು ತಿರುವು ಬಂತು. ಬುದ್ಧ ಹುಟ್ಟಿದ ಜಾಗ ಅಂತ ನಂಬುವ ನೇಪಾಳದ ಲುಂಬಿನಿಯ ಮಾಯಾದೇವಿ ದೇವಾಲಯದ ಒಳಗೆ ರಾಬಿನ್ ಕನಿಂಗ್‌ಹ್ಯಾಮ್ ಮತ್ತು ಕೋಶ್ ಪ್ರಸಾದ್ ಆಚಾರ್ಯ ಅವರ ತಂಡ ಅಗೆದಾಗ ಕ್ರಿ.ಪೂ. ಆರನೇ ಶತಮಾನದ್ದು ಅಂತ ಅಂದಾಜು ಮಾಡಿದ ಕಟ್ಟಿಗೆಯ ರಚನೆಯ ಗುರುತು ಸಿಕ್ಕಿತು. ಹಲವು ಪತ್ರಿಕೆಗಳು ‘ಬುದ್ಧನ ಕಾಲ ಕೊನೆಗೂ ಸಿಕ್ಕಿತು’ ಅನ್ನುವ ಅರ್ಥದಲ್ಲಿ ಸುದ್ದಿ ಮಾಡಿದವು. ಬೇರೆ ವಿದ್ವಾಂಸರು ತಡೆದರು. ಅಲ್ಲಿ ಮರವನ್ನು ಪೂಜಿಸುವ ಜಾಗ ಇತ್ತು ಅಂತ ಮಾತ್ರ ಇದರಿಂದ ಗೊತ್ತಾಗುತ್ತದೆ, ಅದು ಬುದ್ಧನಿಗೇ ಸಂಬಂಧಿಸಿದ್ದು ಅಂತ ಹೇಗೆ ಹೇಳುತ್ತೀರಿ ಅಂತ ಕೇಳಿದರು.

ಈಗ ಬುದ್ಧನ ಲೇಖನಕ್ಕೆ ನಾಲ್ಕು ಜನ ಬರುತ್ತಾರೆ ಅಂದುಕೊಳ್ಳಿ. ಒಬ್ಬರ ಕೈಯಲ್ಲಿ ಬೌದ್ಧ ಶಕದ ಪಂಚಾಂಗ, ಒಬ್ಬರ ಕೈಯಲ್ಲಿ ಶ್ರೀಲಂಕಾದ ಚರಿತ್ರೆ, ಒಬ್ಬರ ಕೈಯಲ್ಲಿ ಗೋಟಿಂಗನ್ನಿನ ಸಂಪುಟ, ಒಬ್ಬರ ಕೈಯಲ್ಲಿ ಪತ್ರಿಕೆಯ ತುಣುಕು. ನಾಲ್ವರ ಹತ್ತಿರವೂ ಆಧಾರ ಇದೆ! ‘ಆಧಾರ ಕೊಡಿ’ ಅಂದರೆ ಜಗಳ ಮುಗಿಯುತ್ತದೆ ಅನ್ನುವುದು ಎಷ್ಟು ತಪ್ಪು ಅಂತ ಇಲ್ಲಿ ಕಾಣುತ್ತದೆ. ಜಗಳ ನಿಜವಾಗಿ ಶುರುವಾಗುವುದೇ ಎಲ್ಲರೂ ಆಧಾರ ತಂದ ಮೇಲೆ.

ದಾರಿ ಒಂದೇ. ನಾಲ್ಕನ್ನೂ ಅವರವರ ಹೆಸರಿನಲ್ಲೇ ಹೇಳಬೇಕು. ಥೇರವಾದ ಪರಂಪರೆಯ ಲೆಕ್ಕ ಇಷ್ಟು, ಹೆಚ್ಚಿನ ಇತಿಹಾಸಕಾರರ ಅಂದಾಜು ಇಷ್ಟು, ಲುಂಬಿನಿಯ ತಂಡ ಹೇಳಿದ್ದು ಇದು, ಅದಕ್ಕೆ ಬಂದ ಆಕ್ಷೇಪ ಇದು. ಪತ್ರಿಕೆಯ ತುಣುಕಿನ ಬದಲು ಆ ತಂಡವೇ ಬರೆದ ಪ್ರಬಂಧವನ್ನು, ಅದಕ್ಕಿಂತ ಹೆಚ್ಚಾಗಿ ಆ ಪ್ರಬಂಧವನ್ನು ತೂಗಿ ನೋಡಿದ ಬೇರೆಯವರ ಬರಹವನ್ನು ಹಾಕಬೇಕು. ಪತ್ರಕರ್ತರಿಗೆ ಸಂಜೆಯೊಳಗೆ ಸುದ್ದಿ ಕೊಡಬೇಕಾದ ಒತ್ತಡ ಇರುತ್ತದೆ. ಹಳೆಯ ಕಾಲದ ಪ್ರಶ್ನೆಗಳಿಗೆ ಆ ಅವಸರ ಹೊಂದುವುದಿಲ್ಲ.

## ಎರಡು ವಚನ ಕೂಡಿಸಿದರೆ

ಸ್ವಂತ ಸಂಶೋಧನೆ ಬೇಡ ಅನ್ನುವ ನಿಯಮ ಧರ್ಮದ ಲೇಖನಗಳಲ್ಲಿ ಬಹಳ ಜನರನ್ನು ಎಡವಿಸುತ್ತದೆ. ಅವರು ಗ್ರಂಥದ ಒಂದು ವಚನ ಕೊಡುತ್ತಾರೆ, ಇನ್ನೊಂದು ವಚನ ಕೊಡುತ್ತಾರೆ, ‘ಆದ್ದರಿಂದ’ ಅಂತ ಮೂರನೇ ಮಾತು ಹೇಳುತ್ತಾರೆ. ಮೊದಲ ಎರಡಕ್ಕೆ ಆಧಾರ ಇದೆ. ಆ ‘ಆದ್ದರಿಂದ’ ಮಾತ್ರ ಅವರ ಸ್ವಂತದ್ದು.

ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಬೈಬಲ್‌ನ ವಂಶಾವಳಿಗಳಲ್ಲಿರುವ ವಯಸ್ಸುಗಳನ್ನೆಲ್ಲ ಕೂಡಿಸಿ, ಬೇರೆ ಚರಿತ್ರೆಗಳ ಜೊತೆ ಹೊಂದಿಸಿ, ಜಗತ್ತಿನ ಸೃಷ್ಟಿ ಕ್ರಿ.ಪೂ. 4004ರಲ್ಲಿ ಆಯಿತು ಅಂತ 1650ರಲ್ಲಿ ಪ್ರಕಟಿಸಿದರು. ಇವತ್ತು ವಿಕಿಪೀಡಿಯದಲ್ಲಿ ‘ಅಷರ್ ಹೀಗೆ ಲೆಕ್ಕ ಹಾಕಿದರು’ ಅಂತ ಧಾರಾಳವಾಗಿ ಬರೆಯಬಹುದು. ಅದೇ ವಯಸ್ಸುಗಳನ್ನು ನೀವು ಇವತ್ತು ರಾತ್ರಿ ಕೂತು ಕೂಡಿಸಿ ಬೇರೊಂದು ವರ್ಷ ಕಂಡುಹಿಡಿದರೆ ಅದನ್ನು ಬರೆಯುವ ಹಾಗಿಲ್ಲ. ಕೂಡುವ ಲೆಕ್ಕಕ್ಕೆ ಯಾರ ಅಡ್ಡಿಯೂ ಇಲ್ಲ. ಯಾವ ವಂಶಾವಳಿ, ಯಾವ ಹಸ್ತಪ್ರತಿ, ಯಾವ ಅಂಕಿ ಅಂತ ಆರಿಸಿದಿರಲ್ಲ, ಆ ಆಯ್ಕೆ ನಿಮ್ಮದಾಯಿತು, ಅಡ್ಡಿ ಅದಕ್ಕೆ.

## ಹಳೆಯ ಪುಸ್ತಕಗಳ ಕಷ್ಟ

ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಹಾಗಾಗಿ ವಿಕಿಪೀಡಿಯದ ಧರ್ಮ ಲೇಖನಗಳಲ್ಲಿ ಅವುಗಳದ್ದೇ ಹಾವಳಿ. 1901ರಿಂದ 1906ರವರೆಗೆ ಬಂದ ಯಹೂದಿ ವಿಶ್ವಕೋಶ, 1907ರಲ್ಲಿ ಶುರುವಾದ ಕ್ಯಾಥೊಲಿಕ್ ವಿಶ್ವಕೋಶ, 1911ರ ಬ್ರಿಟಾನಿಕಾ ವಿಶ್ವಕೋಶ. ಆರಂಭದ ವರ್ಷಗಳಲ್ಲಿ ಇವುಗಳ ಪಠ್ಯವನ್ನೇ ತಂದು ಎಷ್ಟೋ ಲೇಖನಗಳಿಗೆ ತಳಪಾಯ ಹಾಕಿದ್ದರು. ಏಷ್ಯಾದ ಧರ್ಮಗಳ ವಿಷಯ ಬಂದರೆ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಮುಂದಾಳತ್ವದಲ್ಲಿ 1879ರಿಂದ 1910ರವರೆಗೆ ಬಂದ 50 ಸಂಪುಟಗಳ ಅನುವಾದ ಮಾಲೆ.

ಇವೆಲ್ಲ ದೊಡ್ಡ ಕೆಲಸಗಳೇ. ಆದರೆ ಅವರಿಗೆ ಸಿಕ್ಕಿರದ ಸಂಗತಿಗಳು ನಮಗೆ ಸಿಕ್ಕಿವೆ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಹಳೆಯ ಕ್ರೈಸ್ತ ಪಂಥಗಳ ಹಸ್ತಪ್ರತಿಗಳು ಸಿಕ್ಕವು. 1947ರಲ್ಲಿ ಮೃತ ಸಮುದ್ರದ ಪಕ್ಕ ಕುಮ್ರಾನ್ ಗವಿಗಳಲ್ಲಿ ಸುರುಳಿಗಳು ಸಿಕ್ಕವು. ಅದರಲ್ಲಿದ್ದ ಯೆಶಾಯನ ಸುರುಳಿ ಅಲ್ಲಿಯವರೆಗೆ ಗೊತ್ತಿದ್ದ ಹೀಬ್ರೂ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದು! 1911ರ ಪುಸ್ತಕಕ್ಕೆ ಇದು ಗೊತ್ತಿರಲು ಸಾಧ್ಯವೇ ಇಲ್ಲ.

ಇನ್ನೊಂದು ವಿಷಯ ಮನಸ್ಸಿಗೆ ಹತ್ತಿರದ್ದು. ಆ ಕಾಲದ ಎಷ್ಟೋ ಪುಸ್ತಕಗಳನ್ನು ಬರೆದವರು ಆಳುವವರ ಕಡೆಯವರು, ಇಲ್ಲವೇ ಮತಪ್ರಚಾರಕ್ಕೆ ಬಂದವರು. ಬೇರೆ ಜನರ ನಂಬಿಕೆಯನ್ನು ಅವರು ನೋಡಿದ ರೀತಿಯಲ್ಲಿ ತಾತ್ಸಾರ ಇದೆ. ಅಂಥ ಪುಸ್ತಕದ ಸಾಲನ್ನು ‘ಪ್ರಕಟಿತ ಆಧಾರ’ ಅಂತ ಇವತ್ತು ಹಾಗೇ ಎತ್ತಿ ಹಾಕಿದರೆ ಆ ತಾತ್ಸಾರವೂ ಜೊತೆಗೆ ಬರುತ್ತದೆ. ಅನುಭವಿ ಸಂಪಾದಕರು ಇಂಥ ಪುಸ್ತಕಗಳನ್ನು ಕಂಡರೆ ಹೊಸ ಆಧಾರ ಕೇಳುವುದು ಅದಕ್ಕೇ.

## ಭಕ್ತರು ಬರೆದದ್ದು, ವಿರೋಧಿಗಳು ಬರೆದದ್ದು

ನಂಬಿಕೆ ಇರುವವರು ಬರೆದ ಪುಸ್ತಕ ನಡೆಯುವುದಿಲ್ಲ ಅನ್ನುವ ಮಾತು ತಪ್ಪು. ಬೈಬಲ್ ಕುರಿತ ಒಳ್ಳೆಯ ಸಂಶೋಧಕರಲ್ಲಿ ಬಹಳಷ್ಟು ಜನ ಕ್ರೈಸ್ತರು, ಯಹೂದಿಗಳು. ಪಾದ್ರಿಗಳೂ ಇದ್ದಾರೆ, ರಬ್ಬಿಗಳೂ ಇದ್ದಾರೆ. ಬರೆದವರ ನಂಬಿಕೆಯನ್ನು ಯಾರೂ ಅಳೆಯುವುದಿಲ್ಲ. ಆ ಪುಸ್ತಕ ಅಚ್ಚಾಗುವ ಮೊದಲು ವಿಷಯ ಗೊತ್ತಿರುವ, ಒಪ್ಪದಿರಲೂ ಸಾಧ್ಯವಿರುವ ಬೇರೆಯವರು ಅದನ್ನು ಓದಿ ತಿದ್ದಿದ್ದಾರಾ? ನೋಡುವುದು ಇದನ್ನು. ವಿಶ್ವವಿದ್ಯಾಲಯಗಳ ಪ್ರಕಾಶನಕ್ಕೆ, ತಜ್ಞರು ಪರಿಶೀಲಿಸುವ ಪತ್ರಿಕೆಗಳಿಗೆ ಬೆಲೆ ಬಂದಿರುವುದು ಈ ಕಾರಣಕ್ಕೆ.

ಒಂದು ಸಂಸ್ಥೆ ತನ್ನ ಬಗ್ಗೆ ತಾನೇ ಹೊರತಂದ ಪುಸ್ತಕಕ್ಕೂ ಜಾಗ ಇದೆ. ‘ನಮ್ಮ ಬೋಧನೆ ಇದು’, ‘ನಮ್ಮ ಪ್ರಾರ್ಥನೆಯ ಕ್ರಮ ಇದು’ ಅನ್ನುವುದಕ್ಕೆ ಅದು ಆಧಾರ. ‘ನಮ್ಮ ಗುರುಗಳಿಗೆ ಕೋಟಿ ಅನುಯಾಯಿಗಳಿದ್ದಾರೆ’, ‘ಅವರು ಕಾಯಿಲೆ ವಾಸಿ ಮಾಡಿದರು’ ಅನ್ನುವುದಕ್ಕೆ ಅಲ್ಲ. ಹೇಳುವ ಮಾತು ಎಷ್ಟು ದೊಡ್ಡದೋ ಆಧಾರವೂ ಅಷ್ಟು ಗಟ್ಟಿ ಇರಬೇಕು.

ಇದೇ ಅಳತೆ ವಿರೋಧಿಗಳಿಗೂ. ಪಂಥ ಬಿಟ್ಟು ಬಂದವರ ಬ್ಲಾಗು, ಇನ್ನೊಂದು ಮತದವರು ಖಂಡಿಸಿ ಹಂಚಿದ ಕರಪತ್ರ, ಇವು ಕೂಡ ಯಾರೂ ತಿದ್ದದ ಬರಹಗಳೇ. ಅಮೆರಿಕದಲ್ಲಿ ಹುಟ್ಟಿದ ಸೈಂಟಾಲಜಿ ಅನ್ನುವ ಹೊಸ ಪಂಥದ ಕುರಿತ ಲೇಖನಗಳಲ್ಲಿ ಎರಡೂ ಕಡೆಯವರು ವರ್ಷಗಟ್ಟಲೆ ಎಳೆದಾಡಿದರು. ಎತ್ತು ಏರಿಗೆ, ಕೋಣ ನೀರಿಗೆ. 2009ರ ಮೇ ತಿಂಗಳಲ್ಲಿ ಸಂಪಾದಕರ ಜಗಳಗಳಿಗೆ ತೀರ್ಪು ಕೊಡುವ ಇಂಗ್ಲಿಷ್ ವಿಕಿಪೀಡಿಯದ ಪಂಚಾಯ್ತಿ ಸಮಿತಿ ಚರ್ಚ್ ಆಫ್ ಸೈಂಟಾಲಜಿಯ ಕಂಪ್ಯೂಟರ್ ವಿಳಾಸಗಳಿಂದ ಸಂಪಾದನೆ ಮಾಡುವುದನ್ನೇ ತಡೆಯಿತು. ಅದೇ ತೀರ್ಪಿನಲ್ಲಿ, ಆ ವಿಷಯದಲ್ಲಿ ಎಲ್ಲೆ ಮೀರಿದ ಕೆಲವು ಟೀಕಾಕಾರರಿಗೂ ಆ ಲೇಖನಗಳನ್ನು ಮುಟ್ಟಬೇಡಿ ಅಂದಿತು. ಈ ಎರಡನೇ ಭಾಗ ಬಹಳ ಜನರಿಗೆ ಗೊತ್ತಿಲ್ಲ.

## ಒಂದೊಂದು ಪದಕ್ಕೂ

ಆಧಾರ ಒಪ್ಪಿಗೆಯಾದ ಮೇಲೂ ಪದದ ಮೇಲೆ ಜಗಳ ಬರುತ್ತದೆ. ಧರ್ಮ ಅಧ್ಯಯನ ಮಾಡುವವರು ‘ಮಿಥ್’ ಅನ್ನುವ ಇಂಗ್ಲಿಷ್ ಪದವನ್ನು ಒಂದು ಸಮುದಾಯ ಪವಿತ್ರವಾಗಿ ಕಾಣುವ ಮೂಲಕಥೆ ಅನ್ನುವ ಅರ್ಥದಲ್ಲಿ ಬಳಸುತ್ತಾರೆ. ಅದು ನಿಜವೋ ಸುಳ್ಳೋ ಅನ್ನುವ ತೀರ್ಪು ಅದರಲ್ಲಿಲ್ಲ. ಸಾಮಾನ್ಯ ಓದುಗರಿಗೆ ಅದೇ ಪದ ‘ಕಟ್ಟುಕಥೆ’ ಅಂತ ಕೇಳುತ್ತದೆ. ಕನ್ನಡದಲ್ಲಂತೂ ‘ಮಿಥ್ಯೆ’ಯ ನೆನಪು ಬಂದು ಇನ್ನೂ ಕಷ್ಟ. ಬೈಬಲ್‌ನ ಆದಿಕಾಂಡದ ಸೃಷ್ಟಿಯ ಲೇಖನಕ್ಕೆ ಏನು ಹೆಸರಿಡಬೇಕು ಅನ್ನುವ ಚರ್ಚೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಬಹಳ ಕಾಲ ನಡೆದದ್ದು ಈ ಒಂದು ಪದಕ್ಕಾಗಿ. ಕೊನೆಗೆ ‘ಸೃಷ್ಟಿಯ ನಿರೂಪಣೆ’ ಅನ್ನುವ ಅರ್ಥದ ಹೆಸರು ನಿಂತಿತು.

ಗೌರವದ ಮಾತುಗಳೂ ಹೀಗೆಯೇ. ಹೆಸರಿನ ಹಿಂದೆ ಮುಂದೆ ಬರುವ ‘ಭಗವಾನ್’, ‘ಪರಮಪೂಜ್ಯ’, ‘ಅವರ ಮೇಲೆ ಶಾಂತಿ ಇರಲಿ’ ಅನ್ನುವುದನ್ನು ವಿಶ್ವಕೋಶದ ದನಿಯಲ್ಲಿ ಬರೆಯುವುದಿಲ್ಲ. ಹೀಗೆ ಬಿಡುವುದು ಭಕ್ತರಿಗೆ ಕೊರತೆ ಅನಿಸುವುದು ನನಗೆ ಅರ್ಥವಾಗುತ್ತದೆ. ಆದರೆ ಒಬ್ಬರಿಗೆ ಬಳಸಿದರೆ ಎಲ್ಲರಿಗೂ ಬಳಸಬೇಕು, ಇನ್ನೊಬ್ಬರ ಗುರುವನ್ನು ನಾನು ಪರಮಪೂಜ್ಯ ಅನ್ನಬೇಕು. ಕನ್ನಡದಲ್ಲಿ ಇನ್ನೊಂದು ಗಂಟಿದೆ. ನಮ್ಮ ಕ್ರಿಯಾಪದವೇ ಗೌರವ ಹೊತ್ತಿರುತ್ತದೆ. ‘ಹೇಳಿದ’ ಅನ್ನಬೇಕೋ ‘ಹೇಳಿದರು’ ಅನ್ನಬೇಕೋ? ನಾನೂ ಮೇಲೆ ಬುದ್ಧನನ್ನು ಏಕವಚನದಲ್ಲೇ ಬರೆದೆ, ಕನ್ನಡದಲ್ಲಿ ಅದು ಸಲಿಗೆಯ ರೂಢಿ. ಅದೇ ರೂಢಿ ಇನ್ನೊಬ್ಬರ ವಿಷಯದಲ್ಲಿ ಅವಮಾನವಾಗಿ ಕಾಣಬಹುದು.

ಕ್ರಿ.ಶ. ಬದಲು ಸಾ.ಶ. (ಸಾಮಾನ್ಯ ಶಕ) ಬರೆಯಬೇಕೇ ಅನ್ನುವುದು ಇನ್ನೊಂದು ಹಳೆಯ ಜಗಳ. ಎರಡೂ ನಡೆಯುತ್ತದೆ, ಒಂದು ಲೇಖನದಲ್ಲಿ ಒಂದೇ ಇರಲಿ, ಸುಮ್ನೆ ಬದಲಾಯಿಸಬೇಡಿ. ಇಂಗ್ಲಿಷ್ ವಿಕಿಪೀಡಿಯದ ನಿಯಮ ಇಷ್ಟೇ.

ಎಲ್ಲಕ್ಕಿಂತ ನನಗೆ ಕಿರಿಕಿರಿ ಮಾಡುವ ಪದ ಒಂದಿದೆ: ‘ಎನ್ನಲಾಗಿದೆ’. ‘ಇಲ್ಲಿ ಪವಾಡ ನಡೆಯಿತು ಎನ್ನಲಾಗಿದೆ.’ ಯಾರು ಅಂದದ್ದು? ಇದು ‘ಅಂತೆ’ಯನ್ನೇ ಪುಸ್ತಕದ ಬಟ್ಟೆ ತೊಡಿಸಿ ನಿಲ್ಲಿಸಿದ್ದು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಇಂಥ ಸಾಲಿನ ಪಕ್ಕ ‘ಯಾರು?’ ಅಂತ ಒಂದು ಚಿಕ್ಕ ಚೀಟಿ ಅಂಟಿಸುತ್ತಾರೆ. ಒಳ್ಳೆಯ ಪದ್ಧತಿ.

## ಜಗಳ ಬಗೆಹರಿಯುವುದು ಹೇಗೆ

ಒಂದು ಜಗಳವನ್ನು ಕಲ್ಪಿಸಿಕೊಳ್ಳೋಣ. ಒಬ್ಬರು ಒಂದು ಮಂದಿರದ ಲೇಖನದಲ್ಲಿ ‘ಈ ಮಂದಿರ 2000 ವರ್ಷ ಹಳೆಯದು’ ಅಂತ ಸೇರಿಸುತ್ತಾರೆ. ಇನ್ನೊಬ್ಬರು ಅಳಿಸುತ್ತಾರೆ. ಮತ್ತೆ ಸೇರಿಸುತ್ತಾರೆ, ಮತ್ತೆ ಅಳಿಸುತ್ತಾರೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ 24 ಗಂಟೆಯೊಳಗೆ ಒಂದೇ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಸಲ ಬೇರೆಯವರ ಬದಲಾವಣೆಯನ್ನು ಹಿಂದಕ್ಕೆ ತಿರುಗಿಸಿದರೆ ನಿರ್ವಾಹಕರು ಖಾತೆಗೆ ಸ್ವಲ್ಪ ಕಾಲ ಬೀಗ ಹಾಕಬಹುದು. ನಿಮ್ಮ ಮಾತು ಸರಿಯಿದ್ದರೂ ಬೀಗ ಬೀಳಬಹುದು. ಹಾಗಾಗಿ ಇಬ್ಬರೂ ‘ಚರ್ಚೆ’ ಪುಟಕ್ಕೆ ಬರುತ್ತಾರೆ.

‘ನಮ್ಮ ಹಿರಿಯರೆಲ್ಲ ಹೇಳಿಕೊಂಡು ಬಂದದ್ದು. ಅವರೇನು ಸುಳ್ಳು ಹೇಳಿದರಾ?’

‘ಸುಳ್ಳು ಅಂತ ನಾನು ಅಂದಿಲ್ಲ. ಯಾವ ಪುಸ್ತಕದಲ್ಲಿದೆ ಹೇಳಿ, ಸೇರಿಸೋಣ.’

‘ಮಂದಿರದವರೇ ಅಚ್ಚು ಹಾಕಿಸಿದ ಪುಸ್ತಕದಲ್ಲಿದೆ.’

‘ಮಂದಿರದವರು ಏನು ಹೇಳುತ್ತಾರೆ ಅನ್ನುವುದಕ್ಕೆ ಅದು ಸಾಕು. ಕಟ್ಟಡದ ವಯಸ್ಸಿಗೆ ಪುರಾತತ್ವದವರ ವರದಿ ಇದೆಯಾ ನೋಡೋಣ.’

ಮೂರು ದಿನ ಬಿಟ್ಟು ವರದಿ ಸಿಗುತ್ತದೆ ಅನ್ನಿ. ಅದರಲ್ಲಿ ಈಗಿನ ಕಟ್ಟಡ 12ನೇ ಶತಮಾನದ್ದು ಅಂತ ಇದೆ. ಈಗ ಲೇಖನದಲ್ಲಿ ಎರಡು ಸಾಲು ಬರುತ್ತವೆ. ‘ಮಂದಿರಕ್ಕೆ 2000 ವರ್ಷಗಳ ಇತಿಹಾಸವಿದೆ ಎಂದು ಅದರ ಆಡಳಿತ ಮಂಡಳಿ ಹೇಳುತ್ತದೆ. ಈಗಿನ ಕಟ್ಟಡವನ್ನು ಪುರಾತತ್ವ ವರದಿ 12ನೇ ಶತಮಾನಕ್ಕೆ ಸೇರಿಸುತ್ತದೆ.’ ಇಬ್ಬರಿಗೂ ಪೂರ್ತಿ ಸಮಾಧಾನ ಇರಲಿಕ್ಕಿಲ್ಲ. ಆದರೆ ಯಾರ ಮಾತೂ ಕಳೆದುಹೋಗಿಲ್ಲ, ಓದುಗರಿಗೆ ಯಾರು ಏನು ಹೇಳಿದರು ಅಂತ ಗೊತ್ತಾಗುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಮೂರನೆಯವರ ಅಭಿಪ್ರಾಯ ಕೇಳಬಹುದು. ಒಂದು ಪುಸ್ತಕ ನಂಬಿಕೆಗೆ ಅರ್ಹವೇ ಅಂತ ಕೇಳಲೆಂದೇ ಒಂದು ಫಲಕ ಇದೆ. ಊರೆಲ್ಲರ ಅಭಿಪ್ರಾಯ ಕರೆಯುವ ಕ್ರಮ ಇದೆ, ಅದು ಸಾಮಾನ್ಯವಾಗಿ 30 ದಿನ ತೆರೆದಿರುತ್ತದೆ. ಅಲ್ಲಿ ತಲೆ ಎಣಿಸುವುದಿಲ್ಲ, ವಾದದ ತೂಕ ನೋಡುತ್ತಾರೆ. ನೂರು ಜನ ಹೊಸದಾಗಿ ಖಾತೆ ತೆರೆದು ‘ಹೌದು ಹೌದು’ ಅಂದರೂ ಪ್ರಯೋಜನ ಇಲ್ಲ. ಮೇಲೆ ಹೇಳಿದ ಪಂಚಾಯ್ತಿ ಸಮಿತಿ ಕೊನೆಯ ಮೆಟ್ಟಿಲು. ಅದು ಕೂಡ ಸಂಪಾದಕರ ನಡತೆಯ ಬಗ್ಗೆ ಮಾತ್ರ ತೀರ್ಪು ಕೊಡುತ್ತದೆ. ಬುದ್ಧನ ಕಾಲ ಯಾವುದು ಅಂತ ಅದು ಹೇಳುವುದಿಲ್ಲ.

ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಸೇರಿ ಮಾತಾಡುವ ಪುಟದ ಹೆಸರು ‘ಅರಳಿ ಕಟ್ಟೆ’. ಹೆಸರು ಎಷ್ಟು ಚೆನ್ನಾಗಿದೆ ನೋಡಿ. ಆದರೆ ಸಣ್ಣ ಸಮುದಾಯಗಳಲ್ಲಿ ಕಟ್ಟೆಯ ಮೇಲೆ ಕೂರುವವರೇ ಕಡಿಮೆ. ಮೂರನೆಯವರು ಸಿಗುವುದು ಕಷ್ಟ. ಬಹಳ ದಿನ ಪಟ್ಟು ಹಿಡಿದವರ ಸಾಲು ಹಾಗೇ ಉಳಿದುಬಿಡುವ ಅಪಾಯ ಅಲ್ಲಿ ಜಾಸ್ತಿ.

## ಪುಸ್ತಕವೇ ಇಲ್ಲದ ನಂಬಿಕೆಗಳು

ಈ ನಿಯಮಗಳೆಲ್ಲ ಪುಸ್ತಕ ಇರುವ ಧರ್ಮಗಳಿಗೆ ಹೊಂದುತ್ತವೆ. ಹಾಡಿನಲ್ಲಿ, ಕುಣಿತದಲ್ಲಿ, ಅಜ್ಜಿ ಹೇಳಿದ ಕಥೆಯಲ್ಲಿ ಮಾತ್ರ ಉಳಿದಿರುವ ನಂಬಿಕೆಗಳ ಗತಿ ಏನು? ಅಲ್ಲಿ ಇರುವುದೇ ‘ಅಂತೆ’. ಅವರ ಬಗ್ಗೆ ಹೊರಗಿನವರು ಯಾರೋ ನೂರು ವರ್ಷದ ಹಿಂದೆ ಬರೆದ ಒಂದು ಪುಸ್ತಕ ಇದ್ದರೆ ನಿಯಮದ ಪ್ರಕಾರ ಅದೇ ಆಧಾರ. ಆ ಸಮುದಾಯದ ಹಿರಿಯರು ಎದುರು ಕೂತು ‘ಇದು ಹಾಗಲ್ಲ ಮಗಾ’ ಅಂದರೆ ಅದು ಆಧಾರ ಅಲ್ಲ. ಇಡೀ ವ್ಯವಸ್ಥೆಯಲ್ಲಿ ನನಗೆ ನೋವು ಕೊಡುವ ಜಾಗ ಇದು.

ಇದನ್ನು ವಿಕಿಪೀಡಿಯದವರೂ ಕಂಡುಕೊಂಡಿದ್ದಾರೆ. 2011ರಲ್ಲಿ ವಿಕಿಪೀಡಿಯವನ್ನು ನಡೆಸುವ ಸಂಸ್ಥೆಯಾದ ವಿಕಿಮೀಡಿಯ ಫೌಂಡೇಶನ್ ನೆರವಿನಿಂದ ಭಾರತ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಒಂದು ಪ್ರಯೋಗ ನಡೆಯಿತು. ಮಲಯಾಳಂ, ಹಿಂದಿ, ಸೆಪೆಡಿ ಭಾಷೆಗಳಲ್ಲಿ ಜನರ ಮಾತನ್ನು ಆಡಿಯೊ ಆಗಿ ದಾಖಲು ಮಾಡಿದರು. ಆಟ, ಅಡುಗೆ, ಆಚರಣೆಗಳ ಬಗ್ಗೆ ಗೊತ್ತಿರುವವರೇ ಹೇಳಿದ ಮಾತನ್ನು ಲೇಖನಗಳಿಗೆ ಆಧಾರವಾಗಿ ಕೊಡಬಹುದೇ ಅಂತ ನೋಡುವುದು ಉದ್ದೇಶ. ಹೇಳಿದ್ದು ಸರಿಯೇ ಅಂತ ಇನ್ನೊಬ್ಬರು ತೂಗಿ ನೋಡಿಲ್ಲವಲ್ಲ, ಇದೂ ಪ್ರಾಥಮಿಕ ಆಕರವೇ ಅಲ್ಲವೇ ಅನ್ನುವ ಆಕ್ಷೇಪ ಬಂತು. ಆ ಆಕ್ಷೇಪದಲ್ಲೂ ಹುರುಳಿದೆ, ಇಲ್ಲ ಅನ್ನಲಾಗುವುದಿಲ್ಲ.

ಸದ್ಯಕ್ಕೆ ನಡೆಯುವ ದಾರಿ ನಿಧಾನದ್ದು. ಯಾರಾದರೂ ಹೋಗಿ ಆ ಹಾಡನ್ನು ಕೇಳಬೇಕು. ಹಾಡಿದವರ ಒಪ್ಪಿಗೆ ಪಡೆದು ಅವರ ಹೆಸರು, ಜಾಗ, ದಿನ ಬರೆದುಕೊಳ್ಳಬೇಕು. ಅದೇ ಹಾಡಿನ ಬೇರೆ ಪಾಠಗಳ ಜೊತೆ ಹೋಲಿಸಬೇಕು, ತಿದ್ದುವವರಿರುವ ಕಡೆ ಪ್ರಕಟಿಸಬೇಕು. ಆಗ ವಿಕಿಪೀಡಿಯದ ಸಾಲಿನ ಕೊನೆಯಲ್ಲಿ ಒಂದು ಚಿಕ್ಕ ಸಂಖ್ಯೆ ಬರುತ್ತದೆ, ಒತ್ತಿದರೆ ಹಾಡಿದವರ ಹೆಸರು ಕಾಣುತ್ತದೆ.